ಗಾಳಿಯನ್ನು ಅದುಮುವ ಬಗೆ

ಮದ್ದೂರಿನಲ್ಲಿ ಲಾರಿಗಳ ಟೈರಿಗೆ ಗಾಳಿ ತುಂಬುವ ಅಂಗಡಿಯ ಕಂಪ್ರೆಸರನ್ನು ಗಮನಿಸಿ. ಹಲವು ಕಡೆ ಅದಕ್ಕೆ ಒಂದು ದೊಡ್ಡ ಸಿಲಿಂಡರೂ ಒಂದು ಚಿಕ್ಕ ಸಿಲಿಂಡರೂ ಇರುತ್ತವೆ. ಎರಡನ್ನೂ ಕೂಡಿಸುವ ಕೊಳವೆಯ ಮೇಲೆ ಲೋಹದ ತೆಳುವಾದ ರೆಕ್ಕೆಗಳಿರುತ್ತವೆ. ಗಾಳಿಯನ್ನು ಒಮ್ಮೆಗೇ ಅದುಮದೆ ಎರಡು ಹಂತಗಳಲ್ಲಿ ಅದುಮುವುದೇಕೆ?

ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಇದಕ್ಕೆ ತಿಕ್ಕಾಟವೇ ಕಾರಣವೆಂದು ಹಲವರು ತಿಳಿಯುತ್ತಾರೆ. ಅದರ ಪಾಲು ಅಲ್ಪ. ಗಾಳಿಯ ಮೇಲೆ ನಾವು ಮಾಡಿದ ಕೆಲಸವೇ ಬಿಸಿಯಾಗಿ ಅದರಲ್ಲಿ ಸೇರುತ್ತದೆ. ಬಿಸಿಯಾದ ಗಾಳಿ ಹಿಗ್ಗಲು ಹವಣಿಸಿ ಪಿಸ್ಟನ್ನನ್ನು ಇನ್ನಷ್ಟು ಬಲವಾಗಿ ಎದುರಿಸುತ್ತದೆ. ಯಂತ್ರವು ತಾನು ಹುಟ್ಟಿಸಿದ ಬಿಸಿಯೊಡನೆ ತಾನೇ ಸೆಣಸಬೇಕಾಗುತ್ತದೆ. ಆ ಬಿಸಿಯೋ, ಮುಂದೆ ತೊಟ್ಟಿಯಲ್ಲಿ ಸುಮ್ಮನೆ ಆರಿಹೋಗುವಂಥದು.

27 ಡಿಗ್ರಿ ಸೆಲ್ಸಿಯಸ್ಸಿನ ಗಾಳಿಯನ್ನು, ಬಿಸಿ ಹೊರಹೋಗದಂತೆ, ವಾತಾವರಣದ ಒತ್ತಡದ 9 ಪಟ್ಟಿಗೆ ಒಂದೇ ಸಲ ಅದುಮಿದರೆ ಅದು ಸುಮಾರು 290 ಡಿಗ್ರಿಗೆ ಕಾಯುತ್ತದೆ. ಮೊದಲು ಒತ್ತಡವನ್ನು 3 ಪಟ್ಟಿಗೇರಿಸಿ, ಗಾಳಿಯನ್ನು ಮತ್ತೆ 27 ಡಿಗ್ರಿಗೆ ತಣಿಸಿ, ಪುನಃ 3 ಪಟ್ಟು ಏರಿಸಿದರೂ ಕೊನೆಯ ಒತ್ತಡ 9 ಪಟ್ಟೇ. ಆದರೆ ಬಿಸಿ ಎಲ್ಲಿಯೂ 140 ಡಿಗ್ರಿಯನ್ನು ಮುಟ್ಟದು. ಬಿಸಿಯೇ ಏರದಂತೆ ಅದುಮುವ ಆದರ್ಶ ಯಂತ್ರಕ್ಕೆ 100 ಪಾಲು ಕೆಲಸ ಸಾಕೆಂದು ಇಟ್ಟುಕೊಂಡರೆ, ಒಂದು ಹಂತದ ಯಂತ್ರಕ್ಕೆ 139 ಪಾಲು, ಎರಡು ಹಂತದ್ದಕ್ಕೆ 117 ಪಾಲು ಬೇಕು. ಹಾಗೆಂದು ಹಂತಗಳನ್ನು ಹೆಚ್ಚಿಸುತ್ತಲೇ ಹೋಗುವುದು ಜಾಣತನವಲ್ಲ. ಪ್ರತಿಯೊಂದು ಹಂತವೂ ತನ್ನ ತಿಕ್ಕಾಟವನ್ನೂ ಖರ್ಚನ್ನೂ ತರುತ್ತದೆ. ಮೊದಲ ಹಂತದಲ್ಲಿ ಅದುಮಲ್ಪಟ್ಟು ತಣಿದ ಗಾಳಿಗೆ ಕಡಮೆ ಸ್ಥಳ ಸಾಕಾದ್ದರಿಂದ ಎರಡನೆಯ ಸಿಲಿಂಡರು ಚಿಕ್ಕದು.

ಟೈರಿನ ಅಂಗಡಿಯಲ್ಲಿ ಈ ಉಳಿತಾಯ ಕಣ್ಣಿಗೆ ಬೀಳದಿರಬಹುದು, ಗಣಿಯಲ್ಲಿ ಹಾಗಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆ ಆರಂಭವಾದ ವಿದ್ಯುತ್ತು 90 ಮೈಲಿಗೂ ಹೆಚ್ಚು ದೂರ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಅಷ್ಟು ದೂರದಿಂದ ತಂದ ಶಕ್ತಿಯನ್ನು ಪೋಲು ಮಾಡುವುದು ಯಾರಿಗೂ ಹಿತವಲ್ಲ. 2001ರಲ್ಲಿ ಮುಚ್ಚಿದ ಆ ಗಣಿಗಳ ಆಳದಲ್ಲಿ ಬಂಡೆಯನ್ನು ಕೊರೆಯುತ್ತಿದ್ದುದು ಅದುಮಿದ ಗಾಳಿಯಿಂದ ನಡೆಯುವ ಯಂತ್ರಗಳು. ಕೆಲಸ ಮುಗಿಸಿ ಹೊರಬೀಳುವ ಗಾಳಿ ಹಿಗ್ಗಿ ತಂಪಾಗುತ್ತದೆ. ಕಾವೇರುವ ಸುರಂಗದಲ್ಲಿ ದುಡಿಯುವವನಿಗೆ ಅದೊಂದು ಉಪಕಾರ.

ತಣಿಸುವುದು ಉಳಿತಾಯಕ್ಕೆ ಮಾತ್ರವಲ್ಲ. ಕಂಪ್ರೆಸರಿನಲ್ಲಿ ಬಿಸಿ ಮಿತಿಮೀರಿದರೆ ಸಿಲಿಂಡರಿಗೆ ಹಾಕಿದ ಎಣ್ಣೆ ಸುಟ್ಟು ಕರಿಕಟ್ಟುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ. ಆಗ ಏಳುವ ವಿಷದ ಹೊಗೆ ಅದೇ ಕೊಳವೆಯಲ್ಲಿ ಇಳಿದು, ಕೆಳಗೆ ಬಂಡೆ ಕೊರೆಯುತ್ತಿರುವವರನ್ನು ಮುಟ್ಟುತ್ತದೆ.