ಐದು ರೂಪಾಯಿಯ ಲಕ್ಕಿ ಚೀಟಿ: ಆಟವೋ, ಜೂಜೋ?

ಕುರುಗೋಡು ದೊಡ್ಡಬಸವೇಶ್ವರ ಜಾತ್ರೆಯಾಗಲಿ, ಸಿರುಗುಪ್ಪದ ಗೂಡಂಗಡಿಯಾಗಲಿ, ಚಿಕ್ಕವರಿದ್ದಾಗ ನಾವೂ ಐದು ರೂಪಾಯಿ ಕೊಟ್ಟು ಲಕ್ಕಿ ಚೀಟಿ ಹರಿದವರೇ. ಸಿಕ್ಕಿದ್ದು ಬಲೂನು, ಕಣ್ಣು ಮಾತ್ರ ಮೇಲೆ ತೂಗಿಬಿಟ್ಟಿದ್ದ ಬ್ಯಾಟ್ ಮೇಲೆ! ಹಾಗಂತ ನಾವೆಲ್ಲ ಜೂಜುಕೋರರಾದೆವಾ? ಇಲ್ಲ. ಆದ್ರೂ ಸ್ವಲ್ಪ ಲೆಕ್ಕ ಹಾಕೋಣ.

ಪ್ರತಿ ಸಲ ಗೆಲ್ಲುವ ಸಂಭವ ಹತ್ತರಲ್ಲಿ ಒಂದು ಅಂತಿಟ್ಟುಕೊಳ್ಳಿ. ಹತ್ತು ಸಲ ಆಡಿದ್ರೆ ಒಂದಾದ್ರೂ ಬಂದೇ ಬರುತ್ತೆ ಅನ್ನೋದು ಮಗುವಿನ ನಂಬಿಕೆ. ಆದರೆ 0.9ರ ಹತ್ತನೇ ಘಾತ ಸುಮಾರು 0.35. ಅಂದರೆ ನೂರರಲ್ಲಿ ಸುಮಾರು 35 ಮಕ್ಕಳಿಗೆ ಬರಿಗೈ!

ಇಲ್ಲಿ ಸೆಳೆಯೋದು ಬಹುಮಾನಕ್ಕಿಂತ ಅದು ಯಾವಾಗ ಬರುತ್ತೋ ಅನ್ನೋ ಕುತೂಹಲ. ಮೊಬೈಲ್ ಗೇಮಿನ ಲೂಟ್ ಬಾಕ್ಸ್ ನಡೆಯೋದೂ ಹೀಗೇ. ದುಡ್ಡು ಕೊಟ್ಟು ಕೊಳ್ಳುವ ಲೂಟ್ ಬಾಕ್ಸನ್ನು ಬೆಲ್ಜಿಯಂ 2018ರಲ್ಲಿ ಜೂಜು ಎಂದೇ ಪರಿಗಣಿಸಿತು. ನಮ್ಮ ಕರ್ನಾಟಕ 2007ರಲ್ಲೇ ಲಾಟರಿ ನಿಷೇಧಿಸಿತ್ತು.

ಲೂಟ್ ಬಾಕ್ಸಿಗೆ ಹೆಚ್ಚು ಸುರಿಯುವವರಲ್ಲಿ ಜೂಜಿನ ಚಟವೂ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಆದರೆ ಒಂದರ ಜೊತೆ ಇನ್ನೊಂದು ಕಂಡರೆ ಅದೇ ಕಾರಣ ಅಂತಲ್ಲ. ಹಾಗಾಗಿ ಹುಟ್ಟುಹಬ್ಬದ ಪುಕ್ಕಟೆ ಲಕ್ಕಿ ಡ್ರಾಗೆ ಹೆದರಬೇಕಿಲ್ಲ. ದುಡ್ಡು ಕೊಟ್ಟು, ಸೋತು, 'ಇನ್ನೊಂದೇ ಸಲ' ಅನ್ನೋ ಅಭ್ಯಾಸವೇ ಅಪಾಯ.

ಬಳ್ಳಾರಿಯ ನಮ್ಮ ಹಾಸ್ಟೆಲ್‌ನಲ್ಲಿ ಕ್ರಿಕೆಟ್ ಬೆಟ್ಟಿಂಗಿಗೆ ಫೀಸಿನ ದುಡ್ಡು ಕಳಕೊಂಡ ಗೆಳೆಯನೂ ಅಂದಿದ್ದು ಅದನ್ನೇ: 'ಮುಂದಿನ ಸಲ ಬಂದೇ ಬರುತ್ತೆ ಬಿಡ್ರೋ.'

ಊರಿಗೆ ಹೋದಾಗ ತಮ್ಮ, ತಂಗಿಗೆ ಬೈಬೇಡಿ. ಹತ್ತು ಚೀಟಿ ಮಾಡಿ, ಒಂದಕ್ಕೆ ಗುರುತು ಹಾಕಿ, ಎತ್ತಿದ್ದನ್ನು ಮತ್ತೆ ಡಬ್ಬಿಗೆ ಹಾಕಿಸಿ ಆಡಿಸಿ. ಲೆಕ್ಕ ಅವರಿಗೇ ತಿಳಿಯುತ್ತೆ.