ಇನ್ನೊಂದು ಸೈಕಲ್ ಕೊಳ್ಳಬೇಕೆ? ಎನ್ + 1ರ ಲೆಕ್ಕಾಚಾರ

ಸೈಕಲ್ ಹುಚ್ಚಿನವರ ನಡುವೆ ಒಂದು ಹಳೆಯ ತಮಾಷೆ ಇದೆ. ಒಬ್ಬರ ಬಳಿ ಎಷ್ಟು ಸೈಕಲ್ ಇರಬೇಕು? ಉತ್ತರ: ಎನ್ + 1. ಎನ್ ಎಂದರೆ ಈಗಾಗಲೇ ಮನೆಯಲ್ಲಿರುವ ಸೈಕಲ್‌ಗಳು. ಇದಕ್ಕೊಂದು ಮಿತಿಯೂ ಇದೆ: ಎಸ್ - 1. ಎಸ್ ಎಂದರೆ, ನಿಮ್ಮ ಮನೆಯವರು ಗಂಟುಮೂಟೆ ಕಟ್ಟಿ ತವರಿಗೆ ಹೊರಡುವಷ್ಟು ಸೈಕಲ್‌ಗಳ ಸಂಖ್ಯೆ!

ದುಬೈ, ಅಬುಧಾಬಿಯ ನಮ್ಮ ಸ್ನೇಹಿತರಲ್ಲಿ ಈ ಪ್ರಶ್ನೆ ಸೆಕೆ ಇಳಿಯುವ ಅಕ್ಟೋಬರ್‌ನಲ್ಲಿ ತಪ್ಪದೆ ಏಳುತ್ತದೆ. ರೋಡ್ ಬೈಕ್ ಇರುವವರಿಗೆ ಗ್ರಾವೆಲ್ ಬೈಕ್ ಬೇಕು. ಹತ್ತಾಗೆ ಒಮ್ಮೆ ಹೋಗಿ ಬಂದವರಿಗೆ ಮೌಂಟನ್ ಬೈಕ್ ಬೇಕು. ಸಂಬಳಕ್ಕೆ ಆದಾಯ ತೆರಿಗೆ ಇಲ್ಲದ ದೇಶ, ಎದುರಿಗೆ ಅಂಗಡಿ, ಕೈಯಲ್ಲಿ ಕಾರ್ಡ್. ಕೊಳ್ಳುವುದು ಸುಲಭ. ಆದ್ದರಿಂದಲೇ ಒಮ್ಮೆ ಪೆನ್ನು ಕಾಗದ ಹಿಡಿದು ಕೂರುವುದು ಒಳ್ಳೆಯದು.

ಸೈಕಲ್ ಹೆಚ್ಚುತ್ತದೆ, ಸಮಯ ಹೆಚ್ಚುವುದಿಲ್ಲ

ನಿಮ್ಮ ಬಳಿ ಒಂದು ನಿಫ್ಟಿ ಇಂಡೆಕ್ಸ್ ಫಂಡ್ ಇದೆ ಎಂದುಕೊಳ್ಳಿ. ಅದರ ಮೇಲೆ ಇನ್ನೊಂದು ಲಾರ್ಜ್ ಕ್ಯಾಪ್ ಫಂಡ್ ಕೊಂಡರೆ ಫಂಡ್‌ಗಳು ಎರಡಾಗುತ್ತವೆ, ಆದರೆ ಒಳಗಿರುವ ಷೇರುಗಳು ಬಹುಪಾಲು ಅವೇ. ಖರ್ಚು ಹೆಚ್ಚಿತು, ವೈವಿಧ್ಯ ಹೆಚ್ಚಲಿಲ್ಲ. ಸೈಕಲ್‌ಗೂ ಇದೇ ಮಾತು. ನಮ್ಮಲ್ಲಿ ನಿಜವಾದ ಕೊರತೆ ಇರುವುದು ಬೆಳಗಿನ ಹೊತ್ತಿಗೆ. 2022ರ ಜನವರಿಯಿಂದ ಇಲ್ಲಿ ವಾರಾಂತ್ಯ ಶನಿವಾರ-ಭಾನುವಾರವಾಗಿದೆ. ಆ ಎರಡು ಬೆಳಗುಗಳಲ್ಲಿ ಮಕ್ಕಳ ಕನ್ನಡ ಪಾಠಶಾಲೆ, ದಿನಸಿ, ಊರಿಗೆ ವಿಡಿಯೊ ಕಾಲ್ ಎಲ್ಲ ಆಗಬೇಕು. ಅಕ್ಟೋಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಸುಮಾರು 26 ವಾರ. ಪ್ರವಾಸ, ನೆಂಟರು, ನೆಗಡಿ ಕಳೆದರೆ ವರ್ಷಕ್ಕೆ 40 ಸವಾರಿ ದಕ್ಕಿದರೆ ದೊಡ್ಡದು.

ಹೊಸ ಸೈಕಲ್ ಬಂದರೆ ಈ 40 ಸವಾರಿಗಳು 80 ಆಗುವುದಿಲ್ಲ. ಹಳೆಯದರ ಪಾಲಿನಿಂದ ಹೊಸದು ಕಿತ್ತುಕೊಳ್ಳುತ್ತದೆ, ಅಷ್ಟೇ. ಹಾಗಾಗಿ ಕೇಳಬೇಕಾದ ಪ್ರಶ್ನೆ: ಈಗಿನ ಸೈಕಲ್ ಹೋಗಲಾರದ ಎಲ್ಲಿಗೆ ಇದು ನನ್ನನ್ನು ಒಯ್ಯುತ್ತದೆ? ಅಲ್ಲಿಗೆ ನಾನು ವರ್ಷಕ್ಕೆ ಎಷ್ಟು ಸಲ ಹೋಗುತ್ತೇನೆ?

ಯಾವ ಸೈಕಲ್, ಯಾವ ಜಾಗ

ಟಾರು ದಾರಿಗೆ ಇಲ್ಲಿ ಕೊರತೆಯಿಲ್ಲ. ದುಬೈನಲ್ಲಿ ಅಲ್ ಕುದ್ರಾ, ನಾದ್ ಅಲ್ ಶೆಬಾ. ಅಬುಧಾಬಿಯಲ್ಲಿ ಅಲ್ ವತ್ಬಾ, ಹುದೈರಿಯಾತ್ ದ್ವೀಪ. ನಿಗದಿತ ಸಂಜೆಗಳಲ್ಲಿ ಯಾಸ್ ಮರೀನಾದ ಫಾರ್ಮುಲಾ ಒನ್ ಟ್ರ್ಯಾಕ್ ಕೂಡ. ಇವೆಲ್ಲಕ್ಕೂ ಒಂದೇ ರೋಡ್ ಬೈಕ್ ಸಾಕು. ಎರಡನೆಯ ರೋಡ್ ಬೈಕ್ ಎಂದರೆ ಆ ಎರಡನೆಯ ಲಾರ್ಜ್ ಕ್ಯಾಪ್ ಫಂಡ್ ಇದ್ದಂತೆ.

ಹಜರ್ ಪರ್ವತದ ನಡುವಿನ ಹತ್ತಾದಲ್ಲಿ 50 ಕಿ.ಮೀ.ಗೂ ಹೆಚ್ಚು ಕಲ್ಲುಹಾದಿಗಳಿವೆ. ಕಷ್ಟಕ್ಕೆ ತಕ್ಕಂತೆ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಗುರುತಿಸಿದ್ದಾರೆ. ಅಲ್ಲಿಗೆ ರೋಡ್ ಬೈಕ್ ಒಯ್ಯುವಂತಿಲ್ಲ. ಇದು ನಿಜಕ್ಕೂ ಬೇರೆ 'ಅಸೆಟ್ ಕ್ಲಾಸ್'. ಟ್ರಯತ್ಲಾನ್ ಬೈಕ್ ಸ್ಪರ್ಧೆಗೆ ಹೆಸರು ನೋಂದಾಯಿಸಿದವರಿಗಷ್ಟೇ ಅರ್ಥಪೂರ್ಣ. ಕಚೇರಿಯ ಕೊನೆಯ ಎರಡು ಕಿಲೋಮೀಟರ್‌ಗೆ ಮಡಚುವ ಸೈಕಲ್ ಯೋಚಿಸುವವರು ಮೊದಲು ದುಬೈನಲ್ಲಿ 2020ರಿಂದ ಇರುವ ಕರೀಮ್ ಬೈಕ್‌ನ ಬಾಡಿಗೆ ಸೈಕಲ್‌ಗಳನ್ನು ಒಂದು ತಿಂಗಳು ಬಳಸಿ ನೋಡಲಿ.

ಒಂದು ಉದಾಹರಣೆ

ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮ ಅಂಕಿಗಳನ್ನು ಹಾಕಿ ನೋಡಿ.

8,000 ದಿರ್ಹಾಮ್‌ನ ಮೌಂಟನ್ ಬೈಕ್ ಕೊಂಡು, ಮೂರು ವರ್ಷ ಬಳಸಿ, ಅರ್ಧ ಬೆಲೆಗೆ ಮಾರುತ್ತೀರಿ ಎಂದುಕೊಳ್ಳೋಣ.

- ಬೆಲೆ ಇಳಿಕೆ: 4,000
- ಸರ್ವಿಸ್, ವರ್ಷಕ್ಕೆ 600ರಂತೆ: 1,800
- ಬೇರೆ ಹೆಲ್ಮೆಟ್, ಶೂ, ಮೊಣಕಾಲು ಕವಚ, ಕಾರಿನ ರ‍್ಯಾಕ್: 1,400
- ಅದೇ 8,000ವನ್ನು ಶೇ. 6ರಂತೆ ಇಟ್ಟಿದ್ದರೆ ಬರುತ್ತಿದ್ದ ಬಡ್ಡಿ: ಸುಮಾರು 1,500

ಒಟ್ಟು 8,700, ವರ್ಷಕ್ಕೆ 2,900 ದಿರ್ಹಾಮ್. ವರ್ಷಕ್ಕೆ 8 ಸಲ ಹತ್ತಾಗೆ ಹೋದರೆ ಮೂರು ವರ್ಷಕ್ಕೆ 24 ಸವಾರಿ. ಒಂದು ಸವಾರಿಗೆ 360 ದಿರ್ಹಾಮ್‌ಗೂ ಮೇಲೆ, ಪೆಟ್ರೋಲ್ ಬಿಟ್ಟು.

ಹತ್ತಾದಲ್ಲೇ ಮೌಂಟನ್ ಬೈಕ್ ಬಾಡಿಗೆಗೆ ಸಿಗುತ್ತದೆ. ದಿನದ ಬಾಡಿಗೆ 200 ಎಂದು ಇಟ್ಟುಕೊಂಡರೂ 8,700ಕ್ಕೆ 43 ಸಲ ಬಾಡಿಗೆ ಹಿಡಿಯಬಹುದು. ಅಂದರೆ ವರ್ಷಕ್ಕೆ 15 ಸಲ ಹೋಗುವವರಿಗೆ ಮಾತ್ರ ಸ್ವಂತದ್ದು ಲಾಭ. 26 ವಾರದ ಸೀಸನ್‌ನಲ್ಲಿ 15 ಸಲ ಎಂದರೆ ಎರಡು ವಾರಕ್ಕೊಮ್ಮೆಗಿಂತ ಹೆಚ್ಚು. ದುಬೈನಿಂದ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ; ಆ ಶನಿವಾರ ಪೂರ್ತಿ ಹೋಯಿತು. ನಿಮ್ಮ ಮನೆಯಲ್ಲಿ ಇದಕ್ಕೆ ಒಪ್ಪಿಗೆ ಇದೆಯೇ ಎಂಬುದು ಎಕ್ಸೆಲ್ ಹಾಳೆಯಲ್ಲಿ ಸಿಗುವ ಉತ್ತರವಲ್ಲ.

ಇನ್ನೊಂದು ರೀತಿ ನೋಡಿ. ಹಳೆಯ ರೋಡ್ ಬೈಕ್‌ಗೆ ವರ್ಷಕ್ಕೆ 3,000 ಖರ್ಚಿದ್ದರೆ, 40 ಸವಾರಿಗೆ ತಲಾ 75 ದಿರ್ಹಾಮ್. ಹೊಸದು ಸೇರಿದ ಮೇಲೆ ಖರ್ಚು 5,900, ಸವಾರಿಗಳು ಅದೇ 40. ತಲಾ 147. ಹವ್ಯಾಸದ ಬೆಲೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಆ ಬೆಲೆಗೆ ಸಿಗುವ ಸಂತೋಷವೂ ಅಷ್ಟೇ ದೊಡ್ಡದಾದರೆ ಖಂಡಿತ ಕೊಳ್ಳಿ. ಗೊತ್ತಿದ್ದು ಕೊಳ್ಳಿ ಎಂಬುದಷ್ಟೇ ನನ್ನ ಮಾತು.

ಕಾರ್ಡಿನ ಶೂನ್ಯ ಬಡ್ಡಿ ಕಂತಿನಲ್ಲಿ ಇದೇ ಸೈಕಲ್ 'ತಿಂಗಳಿಗೆ 667 ಮಾತ್ರ' ಎಂದು ಕಾಣುತ್ತದೆ. ಕಂತು ಪಾವತಿಯ ವಿಧಾನ ಮಾತ್ರ, ಬೆಲೆ 8,000ವೇ. ಪ್ರೊಸೆಸಿಂಗ್ ಶುಲ್ಕ ಇದೆಯೇ ಎಂದೂ ಕೇಳಿ.

ಕೊಳ್ಳದೆಯೂ ಸಿಗುವ ಎನ್ + 1

ಜೆಬೆಲ್ ಹಫೀತ್ ಹತ್ತಲು ಹಗುರ ಸೈಕಲ್ ಬೇಕೆನ್ನುವವರಿದ್ದಾರೆ. ಯುಎಇ ಟೂರ್‌ನವರು ಹತ್ತುವ ಆ ಏರು ಸುಮಾರು 10.8 ಕಿ.ಮೀ., ಸರಾಸರಿ ಶೇ. 7ರ ಹತ್ತಿರ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಇದ್ದರೆ, ಒಂದು ಕಿಲೋ ಇಳಿಸಿದಾಗ ಏರಿನಲ್ಲಿ ಉಳಿಯುವುದು ಶೇ. 1ರ ಆಸುಪಾಸು. 45 ನಿಮಿಷದಲ್ಲಿ ಹತ್ತುವವರಿಗೆ ಅರ್ಧ ನಿಮಿಷ! ಅದರ ಬದಲು ಹಿಂದಿನ ಚಕ್ರಕ್ಕೆ ದೊಡ್ಡ ಹಲ್ಲಿನ ಕ್ಯಾಸೆಟ್ ಹಾಕಿಸಿದರೆ ಮೊಣಕಾಲು ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಟಾರು, ಮರಳುಮಿಶ್ರಿತ ಕಚ್ಚಾ ದಾರಿ ಎರಡೂ ಬೇಕೆನ್ನುವವರಿಗೆ ರೋಡ್ ಬೈಕ್ ಮಾರಿ ಒಂದು ಗ್ರಾವೆಲ್ ಬೈಕ್, ಜೊತೆಗೆ ತೆಳು ಟೈರಿನ ಇನ್ನೊಂದು ಜೊತೆ ಚಕ್ರ ಇಟ್ಟುಕೊಳ್ಳುವ ದಾರಿ ಇದೆ. ಸಂಖ್ಯೆ ಒಂದೇ, ಕೆಲಸ ಎರಡು. ಬೇಸಿಗೆಯ ನಾಲ್ಕು ತಿಂಗಳು ಸುಮ್ಮನೆ ಕೂರುವವರಿಗೆ ಮನೆಯೊಳಗಿನ ಟ್ರೈನರ್ ಇರುವ ಸೈಕಲ್‌ನಿಂದಲೇ ಹೆಚ್ಚು ಸವಾರಿ ತೆಗೆಸುತ್ತದೆ. 40ನ್ನು 60 ಮಾಡುವ ಖರ್ಚು ಇದೊಂದೇ.

ಹೊರಡುವ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ

ನಮ್ಮ ವಾಸ ವೀಸಾಕ್ಕೆ ಕಟ್ಟಿಕೊಂಡದ್ದು. ಕೆಲಸ ಬದಲಾದರೆ ಅಥವಾ ಹೋದರೆ, ಗ್ರೇಸ್ ಅವಧಿಯೊಳಗೆ ಮನೆ, ಕಾರು, ಸೋಫಾ ಎಲ್ಲ ವಿಲೇವಾರಿ ಆಗಬೇಕು. ಆತುರದಲ್ಲಿ ಮಾರುವವರಿಗೆ ಅರ್ಧ ಬೆಲೆಯೂ ಖಾತ್ರಿಯಿಲ್ಲ. ಕೊಳ್ಳುವ ಮೊದಲು ಡುಬಿಜಲ್‌ನಲ್ಲಿ ಅದೇ ಮಾಡೆಲ್‌ನ ಮೂರು ವರ್ಷ ಹಳೆಯದಕ್ಕೆ ಎಷ್ಟು ಕೇಳುತ್ತಿದ್ದಾರೆ ನೋಡಿ. ಕೇಳುವ ಬೆಲೆಗೂ ಕೊಡುವ ಬೆಲೆಗೂ ಅಂತರವಿದೆ ಎಂಬುದು ನೆನಪಿರಲಿ. ಅಂಗಡಿಯ 8,000ದಲ್ಲಿ ಸುಮಾರು 380 ಶೇ. 5ರ ವ್ಯಾಟ್, ಮರುಮಾರಾಟದಲ್ಲಿ ಅದು ವಾಪಸು ಬರುವುದಿಲ್ಲ. ಇದೇ ಲೆಕ್ಕ ಕೊಳ್ಳುವವರಿಗೆ ಅನುಕೂಲ. ಊರು ಬಿಡುವವರು ಹೆಚ್ಚು, ಸೈಕಲ್ ಕೇಳುವವರು ಕಡಿಮೆ ಇರುವ ಜೂನ್-ಜುಲೈನಲ್ಲಿ ಒಳ್ಳೆಯ ಸೆಕೆಂಡ್ ಹ್ಯಾಂಡ್ ಹುಡುಕಿ.

ಊರಿಗೆ ಮರಳುವ ಯೋಚನೆ ಇದ್ದರೆ ಇನ್ನೊಂದು ಪ್ರಶ್ನೆ: ಈ ಸೈಕಲ್ ಅಲ್ಲಿಗೂ ಸಲ್ಲುತ್ತದೆಯೇ? ನಂದಿ ಬೆಟ್ಟಕ್ಕೋ ಚಾಮುಂಡಿ ಬೆಟ್ಟಕ್ಕೋ ಹೋಗುವವರಿಗೆ ಗ್ರಾವೆಲ್ ಬೈಕ್ ಹೊಂದುತ್ತದೆ. ನುಣುಪು ಟ್ರ್ಯಾಕಿಗೆಂದೇ ಮಾಡಿದ ಟ್ರಯತ್ಲಾನ್ ಬೈಕ್ ಬೆಂಗಳೂರಿನ ಗುಂಡಿಗಳ ನಡುವೆ ಗೋಡೆಗೆ ನೇತುಬೀಳುವುದೇ ಹೆಚ್ಚು.

ಕಾರ್ಡ್ ಉಜ್ಜುವ ಮೊದಲು ಒಂದು ಕೆಲಸ ಮಾಡಿ. ಸ್ಟ್ರಾವಾ ತೆರೆದು ಹೋದ ಸೀಸನ್‌ನ ನಿಮ್ಮ ಸವಾರಿಗಳನ್ನು ಎಣಿಸಿ. ಅದರಲ್ಲಿ ಎಷ್ಟು ಬೆಳಗನ್ನು ಹೊಸ ಸೈಕಲ್‌ಗೆ ಕೊಡುತ್ತೀರಿ ಎಂದು ಬರೆಯಿರಿ. ಬಾಡಿಗೆ ಲೆಕ್ಕಕ್ಕಿಂತ ಆ ಸಂಖ್ಯೆ ಕಡಿಮೆಯಿದ್ದರೆ ಈ ಸೀಸನ್ ಪೂರ್ತಿ ಬಾಡಿಗೆ ಸೈಕಲ್‌ನಲ್ಲೇ ಓಡಿಸಿ. ಮಾರ್ಚ್ ಮುಗಿಯುವ ಹೊತ್ತಿಗೂ ಆಸೆ ಉಳಿದಿದ್ದರೆ, ಜೂನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ.