ಗೋಡೆಯಲ್ಲಡಗಿದ ತೇವ: ಮೂಲಶೋಧನೆಯ ಕ್ರಮ

ನಂಜನಗೂಡು ತಾಲ್ಲೂಕಿನ ತಗಡೂರು, ತಗಡೂರು ರಾಮಚಂದ್ರರಾಯರ ಖಾದಿ ಕಾರ್ಯದಿಂದ ಹೆಸರಾದ ಗ್ರಾಮ. ಇಂತಹ ಗ್ರಾಮಗಳ ಇತಿಹಾಸವನ್ನು ಬರೆಯುವವರಿಗೆ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿರುವ ಪತ್ರಗಳೂ ಲೆಕ್ಕದ ಪುಸ್ತಕಗಳೂ ಶಾಸನಗಳಷ್ಟೇ ಮುಖ್ಯವಾದ ಆಕರಗಳು. ಗೋಡೆ ತೇವಗೊಂಡರೆ ಅವುಗಳಿಗೆ ಬೂಷ್ಟು ಹಿಡಿಯುತ್ತದೆ. ಆದಕಾರಣ ತೇವವನ್ನು ಪರೀಕ್ಷಿಸುವ ಕ್ರಮವನ್ನು ಇತಿಹಾಸದ ವಿದ್ಯಾರ್ಥಿಯೂ ಅರಿತಿರಬೇಕೆಂದು ನಾವು ಭಾವಿಸುತ್ತೇವೆ.

ಗೋಡೆಯ ಮೈಯಲ್ಲಿ ಸಾಪೇಕ್ಷ ಆರ್ದ್ರತೆಯು ಬಹುದಿನ ಶೇಕಡಾ 80ನ್ನು ಮೀರಿ ನಿಂತರೆ ಬೂಷ್ಟು ಬೆಳೆಯತೊಡಗುತ್ತದೆ. ಅದು ಮನೆಯವರ ಶ್ವಾಸಕ್ಕೂ ಕೇಡು. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯು ಬೂಷ್ಟಿಗೆ ಸುರಕ್ಷಿತ ಮಿತಿಯನ್ನು ಗೊತ್ತುಪಡಿಸದೆ, ತೇವವನ್ನೇ ನಿವಾರಿಸಬೇಕೆಂದು ವಿಧಿಸಿತು.

ತೇವದ ಮೂಲವನ್ನು ಮೊದಲು ಕಲೆಯಿಂದಲೇ ಊಹಿಸಬಹುದು. ನೆಲದಿಂದೇರುವ ತೇವವು ಸಾಮಾನ್ಯವಾಗಿ ಸುಮಾರು ಒಂದು ಮೀಟರಿನೊಳಗೆ ನಿಂತು, ಅಲ್ಲಿ ಬಿಳಿಯ ಉಪ್ಪಿನ ಪಟ್ಟಿಯನ್ನು ಬಿಡುತ್ತದೆ. ಹೆಂಚು ಸರಿದೆಡೆ ಸೋರಿದ ಮಳೆನೀರಿನ ಕಲೆ ಮೇಲಿನಿಂದ ಕೆಳಕ್ಕಿಳಿಯುತ್ತದೆ. 2019ರ ಆಗಸ್ಟಿನಲ್ಲಿ ಕಪಿಲೆಯು ನಂಜನಗೂಡಿನ ತಗ್ಗುಪ್ರದೇಶಗಳನ್ನು ಹೊಕ್ಕಂತಹ ಪ್ರವಾಹದ ಗುರುತಾದರೋ ಮನೆಯ ಗೋಡೆಗಳಲ್ಲೆಲ್ಲ ಒಂದೇ ಮಟ್ಟದಲ್ಲಿರುತ್ತದೆ.

ಊಹೆಯನ್ನು ಪರೀಕ್ಷೆಯಿಂದ ದೃಢಪಡಿಸಿಕೊಳ್ಳಬೇಕು. ಪ್ಲಾಸ್ಟಿಕ್ ಹಾಳೆಯೊಂದರ ನಾಲ್ಕು ಅಂಚುಗಳನ್ನೂ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಟ್ಟಾಗ, ಹನಿಗಳು ಹಾಳೆಯ ಹೊರಮೈಯಲ್ಲಿ ಕಂಡರೆ ತೇವವು ಕೋಣೆಯ ಗಾಳಿಯದು. ಒಳಮೈಯಲ್ಲಿ ಕಂಡರೆ ಗೋಡೆಯದು. ಎರಡು ಸೂಜಿಗಳ ವಿದ್ಯುತ್ ಮಾಪಕವು ಕ್ಷಣಮಾತ್ರದಲ್ಲಿ ಅಂಕಿಯನ್ನು ತೋರಿಸುವುದಾದರೂ, ಉಪ್ಪು ಸೇರಿದ ಗೋಡೆಯಲ್ಲಿ ಇರುವುದಕ್ಕಿಂತ ಹೆಚ್ಚಿನ ತೇವವನ್ನು ತೋರಿಸುವುದುಂಟು. ಇದಕ್ಕಿಂತ ನಂಬಲರ್ಹವಾದ ಕ್ರಮವೆಂದರೆ ಬೇರೆ ಬೇರೆ ಎತ್ತರಗಳಲ್ಲಿ ಗೋಡೆಯನ್ನು ಕೊರೆದು, ಒಳಗಿನ ಪುಡಿಯನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಒಣಗಿಸಿ ಮರಳಿ ತೂಗುವುದು. ಕಡಮೆಯಾದ ತೂಕವೇ ನೀರಿನ ಪ್ರಮಾಣ. ಅದು ಕೆಳಗೆ ಅಧಿಕವಾಗಿದ್ದು ಮೇಲೇರಿದಂತೆ ತಗ್ಗಿದರೆ ನೆಲವೇ ಮೂಲವೆಂದು ತಿಳಿಯಬಹುದು.

ಮೂಲವನ್ನರಿಯದೆ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸುವುದು ಹಾನಿಕರ. ಮಣ್ಣೂ ಸುಣ್ಣದ ಗಾರೆಯೂ ತೇವವನ್ನು ಆವಿಯಾಗಿ ಹೊರಬಿಡುತ್ತವೆ. ಸಿಮೆಂಟು ಅದನ್ನು ತಡೆಯುವುದರಿಂದ ನೀರು ಒಳಗೇ ನಿಂತು ಇನ್ನಷ್ಟು ಮೇಲೇರುತ್ತದೆ. ಹೊರಗೆ ನಯವಾಗಿ ಕಾಣುವ ಗೋಡೆಯು ಒಳಗೆ ಸಡಿಲವಾಗುತ್ತ ಹೋಗುತ್ತದೆ. ಜೊತೆಗೆ ತೇವದ ಸಾಕ್ಷ್ಯವೂ ಮುಚ್ಚಿಹೋಗುತ್ತದೆ.

ಆದುದರಿಂದ ಕಲೆಯನ್ನು ಒರೆಸುವ ಮುನ್ನ ಅದರ ಎತ್ತರ, ಆಕಾರ, ಕಂಡ ತಿಂಗಳು ಇವುಗಳನ್ನು ಬರೆದಿಡಬೇಕು. ಪತ್ರಗಳ ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿ, ಕೆಳಗೆ ಮಣೆಯಿಟ್ಟು ಗಾಳಿಯಾಡಗೊಡುವುದಕ್ಕಂತೂ ಯಾವ ಉಪಕರಣವೂ ಬೇಕಾಗಿಲ್ಲ.